ಬಾಗಿದ ಬೆನ್ನು, ಮುಚ್ಚಿಡದ ಮಾತು

ನಮ್ಮ ಪುರಾಣಗಳಲ್ಲಿ ಬಾಗಿದ ದೇಹದ ಇಬ್ಬರು ನಮಗೆಲ್ಲ ಪರಿಚಿತರು. ಒಬ್ಬನು ಅಷ್ಟಾವಕ್ರ, ತಂದೆಯ ಶಾಪದಿಂದ ಗರ್ಭದಲ್ಲಿಯೇ ಎಂಟು ಕಡೆ ಬಾಗಿದವನು. ಇನ್ನೊಬ್ಬಳು ಮಥುರೆಯ ತ್ರಿವಕ್ರೆ. ಶ್ರೀಕೃಷ್ಣನು ಅವಳ ಪಾದಗಳನ್ನು ತನ್ನ ಪಾದಗಳಿಂದ ಒತ್ತಿ, ಗದ್ದವನ್ನು ಎರಡು ಬೆರಳುಗಳಿಂದ ಮೇಲೆತ್ತಿ, ಕ್ಷಣಮಾತ್ರದಲ್ಲಿ ಅವಳನ್ನು ನೆಟ್ಟಗೆ ನಿಲ್ಲಿಸಿದನೆಂದು ಭಾಗವತ ಹೇಳುತ್ತದೆ. ಒಂದು ಕಡೆ ಶಾಪ, ಇನ್ನೊಂದು ಕಡೆ ಪವಾಡ. ಶಾಪವೂ ಅಲ್ಲದ, ಪವಾಡವೂ ಅಲ್ಲದ ವಾಸ್ತವವೊಂದನ್ನು ಮಲೇಷ್ಯದ ಸುಬಾಂಗ್ ಜಯಾದಲ್ಲಿ ನೆಲೆಸಿರುವ ನಾವು ಮಗಳ ಬೆನ್ನಿನ ಮೂಲಕ ಅರಿತೆವು. ಈ ಸಮ್ಮೇಳನದಲ್ಲಿ ಒಂದುಗೂಡಿರುವ ಬಂಧುಗಳಲ್ಲಿ ತಂದೆ-ತಾಯಂದಿರೂ ಅಜ್ಜ-ಅಜ್ಜಿಯರೂ ಅನೇಕರಿರುವುದರಿಂದ ಆ ಅನುಭವವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಕ್ವಾಲಾಲಂಪುರದ ಮಗ್ಗುಲಲ್ಲಿರುವ ಸುಬಾಂಗ್ ಜಯಾ, 1976ರಲ್ಲಿ ತೋಟದ ಜಮೀನಿನ ಮೇಲೆ ಬಡಾವಣೆಯಾಗಿ ಆರಂಭಗೊಂಡು, 2020ರಲ್ಲಿ ಮಹಾನಗರದ ಮನ್ನಣೆ ಪಡೆದ ಊರು. ಪತಿಯ ಉದ್ಯೋಗನಿಮಿತ್ತ ನಾವು ಶಿವಮೊಗ್ಗೆಯಿಂದ ಇಲ್ಲಿಗೆ ಬಂದೆವು. ಮಗಳು ಆರನೆಯ ವಯಸ್ಸಿನಿಂದಲೇ ಭರತನಾಟ್ಯ ಕಲಿಯುತ್ತಿದ್ದಳು. 2016ರಲ್ಲಿ, ಅವಳಿಗೆ ಹನ್ನೆರಡು ತುಂಬಿದಾಗ, ಅರೆಮಂಡಿಯಲ್ಲಿ ನಿಂತ ಅವಳ ಬಲಭುಜ ಎಷ್ಟು ತಿದ್ದಿದರೂ ಸ್ವಲ್ಪ ಮೇಲೆಯೇ ಉಳಿಯುವುದನ್ನು ನೃತ್ಯಗುರುಗಳು ಗಮನಿಸಿದರು. ಅಂಗೈಗಳನ್ನು ಜೋಡಿಸಿ ಮುಂದಕ್ಕೆ ಬಾಗುವಂತೆ ಹೇಳಿದರು. ಬೆನ್ನಿನ ಬಲಭಾಗವು ಮೊರದ ಅಂಚಿನಂತೆ ಎದ್ದು ಕಂಡಿತು. ಇಂಗ್ಲೆಂಡಿನ ವೈದ್ಯ ವಿಲಿಯಂ ಆಡಮ್ಸ್ 1865ರಷ್ಟು ಹಿಂದೆಯೇ ವಿವರಿಸಿದ ಪರೀಕ್ಷೆಯಿದು ಎಂಬುದು ನಮಗೆ ಆಮೇಲೆ ತಿಳಿಯಿತು. ಇದಕ್ಕೆ ಯಂತ್ರ ಬೇಡ, ಹಣ ಬೇಡ. ನೋಡುವ ಕಣ್ಣಿದ್ದರೆ ಸಾಕು.

ಎಕ್ಸ್-ರೇ ತೆಗೆದಾಗ ಬೆನ್ನುಮೂಳೆಯು 34 ಡಿಗ್ರಿಗಳಷ್ಟು ಪಕ್ಕಕ್ಕೆ ಬಾಗಿತ್ತು. ಅಮೆರಿಕದ ಜಾನ್ ಕಾಬ್ 1948ರಲ್ಲಿ ರೂಪಿಸಿದ ಅಳತೆಯ ಕ್ರಮವೇ ಇಂದಿಗೂ ಬಳಕೆಯಲ್ಲಿದೆ. 10 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಸ್ಕೋಲಿಯೋಸಿಸ್. ಹದಿಹರೆಯದ ನೂರು ಮಕ್ಕಳಲ್ಲಿ ಇಬ್ಬರು ಮೂವರಿಗೆ ಇದಿರುತ್ತದೆ. ಬಹುಪಾಲು ಮಕ್ಕಳಿಗೆ ಚಿಕಿತ್ಸೆಯೇ ಬೇಕಾಗುವುದಿಲ್ಲ. ಆದರೆ ಬೆಳೆಯುವ ವರ್ಷಗಳಲ್ಲಿ ಬಾಗು ಹೆಚ್ಚುತ್ತ ಹೋಗುವ ಸಂಭವ ಹೆಣ್ಣುಮಕ್ಕಳಲ್ಲಿ ಬಹಳ ಅಧಿಕ.

ಸುದ್ದಿ ತಿಳಿದ ಆಪ್ತರೆಲ್ಲ ಕಾರಣ ಹುಡುಕಿದರು. ಶಾಲೆಯ ಚೀಲದ ಭಾರವೆಂದರು ಕೆಲವರು. ಒಂದೇ ಮಗ್ಗುಲಿಗೆ ಮಲಗುವ ಅಭ್ಯಾಸವೆಂದರು ಕೆಲವರು. ನೃತ್ಯವೇ ಕಾರಣವೆಂದರು ಇನ್ನು ಕೆಲವರು. ವೈದ್ಯರು ಇದಾವುದನ್ನೂ ಒಪ್ಪಲಿಲ್ಲ. ಈ ಬಗೆಗೆ ಅವರು ಇಟ್ಟಿರುವ ಹೆಸರೇ 'ಇಡಿಯೋಪಥಿಕ್', ಎಂದರೆ ಕಾರಣ ತಿಳಿಯದ್ದು. ವಂಶವಾಹಿಗಳ ಪಾತ್ರವಿದೆ, ಯಾರ ಅಪರಾಧವೂ ಇಲ್ಲ. ಆ ಮಾತು ನಮ್ಮ ಮನೆಗೆ ಮೊದಲ ಔಷಧವಾಯಿತು.

ಎರಡನೆಯ ಔಷಧ ಬ್ರೇಸ್. ಮಲೇಷ್ಯದ ಸೆಕೆಯಲ್ಲಿ ಕಂಕುಳಿನಿಂದ ಸೊಂಟದವರೆಗೆ ಗಟ್ಟಿ ಪ್ಲಾಸ್ಟಿಕ್ ಕವಚವನ್ನು ದಿನಕ್ಕೆ ಹದಿನೆಂಟು ಗಂಟೆ ಧರಿಸುವುದು ತಪಸ್ಸೇ ಸರಿ. ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಬ್ರೇಸ್ ಧರಿಸಿದವರಲ್ಲಿ ಶೇಕಡಾ 72 ಮಕ್ಕಳು, ಧರಿಸದವರಲ್ಲಿ ಶೇಕಡಾ 48 ಮಕ್ಕಳು 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಸಿದರು. ನಮ್ಮ ಮಗಳು ತಪ್ಪದೆ ಧರಿಸಿದಳು. ಆದರೂ ಉಳಿದ 28ರಲ್ಲಿ ಸೇರಿದಳು. 2018ರ ಮಧ್ಯಭಾಗಕ್ಕೆ ಬಾಗು 54 ಡಿಗ್ರಿಯಾಯಿತು. ಇಷ್ಟಾದ ಮೇಲೆ ಬೆಳವಣಿಗೆ ನಿಂತರೂ ಬಾಗು ನಿಲ್ಲದಿರಬಹುದೆಂದು ವಿವರಿಸಿದ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಸೂಚಿಸಿದರು.

ಈ ಶಸ್ತ್ರಚಿಕಿತ್ಸೆಗೂ ಒಂದು ಚರಿತ್ರೆಯಿದೆ. ಪೋಲಿಯೋದಿಂದ ಬೆನ್ನು ಬಾಗಿದ ಮಕ್ಕಳನ್ನು ಕಂಡು ಅಮೆರಿಕದ ಹ್ಯೂಸ್ಟನ್ನಿನಲ್ಲಿ ಪಾಲ್ ಹ್ಯಾರಿಂಗ್ಟನ್ ಎಂಬ ವೈದ್ಯರು ಉಕ್ಕಿನ ಸರಳೊಂದನ್ನು ರೂಪಿಸಿ, 1962ರಲ್ಲಿ ಅದರ ವಿವರ ಪ್ರಕಟಿಸಿದರು. ಆಗ ಮಕ್ಕಳು ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಕಳೆಯಬೇಕಿತ್ತು. ಇಂದು ಬೆನ್ನೆಲುಬುಗಳಿಗೆ ಎರಡೂ ಪಕ್ಕದಲ್ಲಿ ಸ್ಕ್ರೂಗಳನ್ನು ಕೂರಿಸಿ, ಎರಡು ಲೋಹದ ಸರಳುಗಳಿಗೆ ಜೋಡಿಸಿ ನೇರಗೊಳಿಸುತ್ತಾರೆ. ನಡುವೆ ಮೂಳೆಯ ಚೂರುಗಳನ್ನು ಹರಡುತ್ತಾರೆ. ತಿಂಗಳುಗಳು ಕಳೆದಂತೆ ಆ ಎಲುಬುಗಳೆಲ್ಲ ಬೆಸೆದು ಒಂದಾಗುತ್ತವೆ. ಕಾಲುಗಳಿಗೆ ಹೋಗುವ ನರಸಂಕೇತಗಳನ್ನು ಉದ್ದಕ್ಕೂ ಯಂತ್ರದ ಮೂಲಕ ಗಮನಿಸುತ್ತಿರುತ್ತಾರೆ. ನಮ್ಮ ನೆರೆಯ ಮಲಯಾ ವಿಶ್ವವಿದ್ಯಾಲಯದ ವೈದ್ಯರಾದ ಕ್ವಾನ್ ಮುನ್ ಕಿಯೋಂಗ್ ಮತ್ತು ಕ್ರಿಸ್ ಚಾನ್ ಯಿನ್ ವೇಯ್ ಅವರು, ಇಬ್ಬರು ಅನುಭವಿ ಶಸ್ತ್ರವೈದ್ಯರು ಏಕಕಾಲಕ್ಕೆ ಕೈಗೂಡಿಸಿದರೆ ಅವಧಿಯೂ ರಕ್ತಸ್ರಾವವೂ ಕಡಿಮೆಯಾಗುವುದನ್ನು ತಮ್ಮ ಅಧ್ಯಯನಗಳಲ್ಲಿ ತೋರಿಸಿದ್ದಾರೆ.

ಶಿವಮೊಗ್ಗೆಯಿಂದ ಅತ್ತೆಯವರ ದೂರವಾಣಿ ಕರೆ ಬಂತು. "ಹೆಣ್ಣುಮಗು ಕಣಮ್ಮ, ಬೆನ್ನಿಗೆ ಚಾಕು ಹಾಕಿಸ್ತೀರಾ? ಮಾಡಿಸೋದೇ ಆದ್ರೆ ಯಾರಿಗೂ ಹೇಳ್ಬೇಡಿ. ನಾಳೆ ಗಂಡಿನ ಕಡೆಯವರು ಏನಂದಾರು?" ಅವರ ಮಾತಿನಲ್ಲಿದ್ದುದು ಪ್ರೀತಿಯೇ, ಒಂದು ಇಡೀ ತಲೆಮಾರಿನ ಭಯವೂ ಅದರೊಳಗಿತ್ತು.

ಮಗಳಿಗೆ ಆಗ ಹದಿನಾಲ್ಕು. ಅವಳು ವೈದ್ಯರ ಬಳಿ ತಾನೇ ಮಾತನಾಡುವೆನೆಂದಳು. ನಡೆಯಲಾಗದಂತೆ ಆದೀತೇ, ಮತ್ತೆ ನರ್ತಿಸಬಹುದೇ, ಗಾಯದ ಗುರುತು ಉಳಿಯುವುದೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿದಳು. ವೈದ್ಯರು ಯಾವುದನ್ನೂ ಮರೆಮಾಚಲಿಲ್ಲ. ನರಗಳಿಗೆ ಪೆಟ್ಟಾಗುವ ಸಂಭವ ನೂರಕ್ಕೆ ಒಂದರ ಆಸುಪಾಸು ಅಥವಾ ಅದಕ್ಕೂ ಕಡಿಮೆ, ಆದರೆ ಸೊನ್ನೆಯಲ್ಲ, ಸೊಂಟದ ಭಾಗವನ್ನು ಬೆಸೆಯದೆ ಬಿಡುವುದರಿಂದ ನರ್ತಿಸಬಹುದು, ಆದರೆ ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಲಾಗದು, ಗುರುತು ಉಳಿಯುತ್ತದೆ. ಎಲ್ಲವನ್ನೂ ಕೇಳಿಸಿಕೊಂಡು ಅವಳೇ 'ಆಗಲಿ' ಎಂದಳು.

ವರ್ಷಾಂತ್ಯದ ಶಾಲಾ ರಜೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಆ ಕೆಲವು ಗಂಟೆಗಳ ಕಾಯುವಿಕೆಯನ್ನು ಬಣ್ಣಿಸಲಾರೆ. ಅರಿವಳಿಕೆ ಇಳಿದು, ಹೇಳಿದೊಡನೆ ಅವಳು ಕಾಲ್ಬೆರಳುಗಳನ್ನು ಅಲುಗಿಸಿದಾಗ ನನ್ನ ಪತಿ ಗೋಡೆಯತ್ತ ತಿರುಗಿ ನಿಂತರು. ಮರುದಿನವೆಲ್ಲ ನೋವಿತ್ತು. ಎರಡನೆಯ ದಿನ ಅವಳು ಎದ್ದು ನಿಂತಳು. ಆರನೆಯ ದಿನ ಮನೆಗೆ ಬಂದಳು. ಬಾಗು 17 ಡಿಗ್ರಿಗೆ ಇಳಿದಿತ್ತು. ಹತ್ತು ತಿಂಗಳ ಅನಂತರ ಗೆಜ್ಜೆ ಕಟ್ಟಿದಳು. ಕೆಲವು ಭಂಗಿಗಳನ್ನು ಗುರುಗಳು ಅವಳಿಗಾಗಿ ಬದಲಿಸಿದರು. ಕೆಲವನ್ನು ಅವಳು ಶಾಶ್ವತವಾಗಿ ಬಿಟ್ಟಳು. ಅದು ನಷ್ಟವೇ, ಅವಳು ಅದನ್ನು ತಿಳಿದೇ ಒಪ್ಪಿದ್ದಳು.

ಅತ್ತೆಯವರು ಬಂದು ಮೂರು ತಿಂಗಳು ನಮ್ಮೊಡನಿದ್ದರು. ಮೊಮ್ಮಗಳ ಜಡೆ ಹೆಣೆಯುತ್ತ ದಿನವೂ ಆ ಗುರುತನ್ನು ಕಂಡರು. ಊರಿಗೆ ಮರಳಿದ ಮೇಲೆ, ಮದುವೆಯೊಂದರ ಊಟದ ಪಂಕ್ತಿಯಲ್ಲಿ, "ನಮ್ಮ ಮೊಮ್ಮಗಳ ಬೆನ್ನಲ್ಲಿ ಎರಡು ಸರಳಿವೆ, ಆದ್ರೂ ಕುಣೀತಾಳೆ" ಎಂದು ಅವರೇ ಹೇಳಿದರಂತೆ. ಅದನ್ನು ಕೇಳಿದ ಬಂಧುಗಳೊಬ್ಬರು ತಮ್ಮ ಹನ್ನೊಂದು ವರ್ಷದ ಮಗಳನ್ನು ಪರೀಕ್ಷೆಗೆ ಕರೆದೊಯ್ದರು. 22 ಡಿಗ್ರಿ ಇತ್ತು. ಆ ಮಗು ಬೆಳವಣಿಗೆ ಮುಗಿಯುವವರೆಗೂ ವೈದ್ಯರ ಕಣ್ಗಾವಲಿನಲ್ಲಿತ್ತು; ಶಸ್ತ್ರಚಿಕಿತ್ಸೆಯ ಅಗತ್ಯ ಬರಲಿಲ್ಲ.

ಹೊರನಾಡಿನಲ್ಲಿ ನಾವು ಭಾಷೆಯನ್ನೂ ಹಬ್ಬಗಳನ್ನೂ ಜೋಪಾನವಾಗಿ ಒಯ್ದಿದ್ದೇವೆ. ಹೆಣ್ಣುಮಕ್ಕಳ ಕಾಯಿಲೆಯನ್ನು ಮುಚ್ಚಿಡುವ ಅಭ್ಯಾಸವೂ ಆ ಗಂಟಿನಲ್ಲಿಯೇ ಬಂದಿದೆ. ಅದನ್ನು ಮಾತ್ರ ಇಳಿಸಿಬಿಡೋಣ. ನಿಮ್ಮ ಮನೆಯಲ್ಲಿ ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಿದ್ದರೆ, ಅಂಗೈ ಜೋಡಿಸಿ ಒಮ್ಮೆ ಮುಂದಕ್ಕೆ ಬಾಗಲು ಹೇಳಿ, ಹಿಂದೆ ನಿಂತು ನೋಡಿ. ಒಂದು ನಿಮಿಷದ ಕೆಲಸ. ಏನಾದರೂ ಕಂಡರೆ ಮೊದಲು ವೈದ್ಯರಿಗೆ ತೋರಿಸಿ. ಬಳಿಕ ನಿಮ್ಮವರಿಗೂ ತಿಳಿಸಿ.