ಕೆಂಪು ಅಂದ್ರೆ ಎರರ್, ಕಾಣೋರಿಗೆ

ನಾವು ಮೂವರು: ಕಡೂರು, ತರೀಕೆರೆ, ಅಜ್ಜಂಪುರ. ಊರಿಗೆ ಹೊರಟ್ರೆ ಕಡೂರಿನವ ಮೊದಲೇ ಇಳೀತಾನೆ, ಉಳಿದಿಬ್ಬರ ಲೈನು ಬೀರೂರಲ್ಲಿ ಬೇರೆಯಾಗುತ್ತೆ. ಕಾಲೇಜಲ್ಲಿ ಮಾತ್ರ ಒಂದೇ ಪ್ರಾಜೆಕ್ಟ್ ಬ್ಯಾಚು. ಮೂವರೂ ಇಂಗ್ಲಿಷ್ ಮೀಡಿಯಂ, ಆದರೆ ಎರರ್ ಬಂದಾಗ ಬಾಯಿಗೆ ಬರೋದು ಅಪ್ಪಟ ಕನ್ನಡವೇ.

ಮೇಕ್ ಅಂತ ಹೊಡೆದ್ರೆ ಸಾಲುಗಳು ಸರ್ರನೆ ಓಡಿಹೋಗ್ತವೆ. ಓದಬೇಕಾದ್ದು ಅದರಲ್ಲಿ ಒಂದೋ ಎರಡೋ. ಬಣ್ಣ ಇರೋದು ಅದಕ್ಕೇ. ಜಿಸಿಸಿಗೆ ಬಣ್ಣ ಬಂದದ್ದು 2014ರಲ್ಲಿ, 4.9 ಆವೃತ್ತಿಯಲ್ಲಿ. ಎರರ್‌ಗೆ ಕೆಂಪು, ವಾರ್ನಿಂಗ್‌ಗೆ ನೇರಳೆ. ಒಳಗೆ ಮ್ಯಾಜಿಕ್ ಏನಿಲ್ಲ: ಒಂದು ಎಸ್ಕೇಪ್ ಅಕ್ಷರ, ಒಂದು ಚೌಕ ಬ್ರಾಕೆಟ್, 31, ಆಮೇಲೆ ಎಮ್. ಅಲ್ಲಿಂದ ಕೆಂಪು ಶುರು. 31ರ ಜಾಗದಲ್ಲಿ 0 ಬಂದ್ರೆ ಮತ್ತೆ ಮಾಮೂಲಿ. ಔಟ್‌ಪುಟ್ ಟರ್ಮಿನಲ್‌ಗೆ ಹೋಗದೆ ಫೈಲಿಗೆ ಹೋಗ್ತಿದ್ರೆ ಜಿಸಿಸಿ ತಾನೇ ಬಣ್ಣ ನಿಲ್ಲಿಸುತ್ತೆ, ಇಲ್ಲಾಂದ್ರೆ ಫೈಲ್ ತುಂಬಾ ಇದೇ ಕಸ.

ಸೀನಿಯರ್ಸ್‌ನಿಂದ ಬಂದ ಟೆಸ್ಟ್ ಸ್ಕ್ರಿಪ್ಟ್ ಬೇರೆ ಥರ. ಪಾಸಾದ್ರೆ ಹಸಿರು ಚುಕ್ಕೆ, ಫೇಲಾದ್ರೆ ಕೆಂಪು ಚುಕ್ಕೆ. ಅಷ್ಟೇ, ಅಕ್ಷರವೇ ಇಲ್ಲ. ವೈವಾ ದಿನ ಸಿಸ್ಟಮ್ ಮುಂದೆ ಕೂತಿದ್ದು ನಮ್ಮ ಅಜ್ಜಂಪುರದವ. "ಯಾವ ಟೆಸ್ಟ್ ಫೇಲ್ ಆಗಿದೆ?" ಅಂತ ಕೇಳಿದ್ರು. ಅವನು ಸುಮ್ಮನೆ ಸ್ಕ್ರೀನ್ ನೋಡ್ತಾ ಕೂತ. ಇವನಿಗೆ ಪ್ರಾಜೆಕ್ಟೇ ಗೊತ್ತಿಲ್ಲ ಅಂದುಕೊಂಡು ಮಾರ್ಕ್ಸ್ ಹಾಕಿದ್ರು. ಆ ಕೋಡ್ ಮುಕ್ಕಾಲು ಪಾಲು ಬರೆದವನೇ ಅವನು.

ರಾತ್ರಿ ಹಾಸ್ಟೆಲಲ್ಲಿ ಹೇಳಿದ: "ಎಲ್ಲಾ ಚುಕ್ಕೆನೂ ನಂಗೆ ಒಂದೇ ಥರ ಕಾಣ್ತವೆ ಕಣ್ರೋ." ಮನೆಯಲ್ಲಿ ಟೊಮೆಟೊ ಹಣ್ಣಾಗಿದೆಯಾ ಅಂತ ಇವನು ಹಿಚುಕಿ ನೋಡೋನಂತೆ. ಕೆಂಪು-ಹಸಿರು ಬೇರೆ ಮಾಡಲಾಗದ ಈ ವರ್ಣಾಂಧತೆ ಹುಡುಗರಲ್ಲೇ ಹೆಚ್ಚು, ಅದರ ಜೀನ್ ಇರೋದು ಎಕ್ಸ್ ಕ್ರೋಮೋಸೋಮಿನಲ್ಲಿ.

ಜಿಸಿಸಿಯಲ್ಲಿ ಅವನಿಗೆ ಯಾವತ್ತೂ ತೊಂದರೆ ಆಗಿಲ್ಲ. ಅಲ್ಲಿ ಎರರ್ ಅನ್ನೋ ಪದ ಇದ್ದೇ ಇರುತ್ತೆ, ಬಣ್ಣ ಅದರ ಮೇಲಿಂದ. ಹಳೇ ರೈಲ್ವೆ ಕೈಮರವೂ ಹಾಗೇ ಅಲ್ವಾ? ರಾತ್ರಿ ಹೊತ್ತು ಬಣ್ಣದ ದೀಪ ನೋಡಬೇಕು, ಹಗಲಲ್ಲಿ ತೋಳು ಅಡ್ಡ ಇದ್ರೆ ನಿಲ್ಲು ಅಂತ ಅರ್ಥ.

ಅವತ್ತೇ ಸ್ಕ್ರಿಪ್ಟಿನಲ್ಲಿ ಚುಕ್ಕೆ ತೆಗೆದು ಪಾಸ್, ಫೇಲ್ ಅಂತ ಬರೆಸಿದ್ವಿ. ಹತ್ತು ನಿಮಿಷದ ಕೆಲಸ. ಮಾರ್ಕ್ಸ್ ಮಾತ್ರ ಬದಲಾಗಲಿಲ್ಲ. ಜಿಸಿಸಿ ಬಣ್ಣಗಳನ್ನೂ ನಮಗೆ ಬೇಕಾದ ಹಾಗೆ ಬದಲಿಸಬಹುದು, ಅದಕ್ಕೊಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಇದೆ. ಅವನು ಎರರ್‌ಗೆ 31 ತೆಗೆದು 33, ಅಂದ್ರೆ ಹಳದಿ ಹಾಕಿಕೊಂಡಿದ್ದಾನೆ. ಈಗ ಅವನ ಲ್ಯಾಪ್‌ಟಾಪಲ್ಲಿ ಬಿಲ್ಡ್ ಮಾಡಿದ್ರೆ ತಡವರಿಸೋದು ಉಳಿದಿಬ್ಬರು.