ಎರಡೇ ಪುಟದ ಕಾನೂನು

ವಕೀಲರು ಬರೆದದ್ದನ್ನು ಇಷ್ಟಪಟ್ಟು ಓದುವವರು ಕಡಿಮೆ. ಆ ರುಚಿ ಹತ್ತಿದವರ ಕೈಗೆ ಮಾತ್ರ 1908ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋದ ಒಂದು ವಾದಪತ್ರ ಮತ್ತೆ ಮತ್ತೆ ಬರುತ್ತದೆ. ಒಟ್ಟು 113 ಪುಟ. ಕಾನೂನಿನ ಮಾತು ಅದರಲ್ಲಿ ಎರಡೇ ಎರಡು ಪುಟ. ಮಿಕ್ಕದ್ದೆಲ್ಲ ಕಾರ್ಖಾನೆ ಇನ್‌ಸ್ಪೆಕ್ಟರುಗಳ ವರದಿ, ವೈದ್ಯರ ಹೇಳಿಕೆ, ದೇಶದೇಶಗಳ ಕೆಲಸದ ಅವಧಿಯ ನಿಯಮ. ಮೊದಲ ಸಲ ಓದುವವರು ಹಳೆಯ ತೀರ್ಪುಗಳ ಪಟ್ಟಿ ಈಗ ಬಂದೀತು, ಮುಂದಿನ ಪುಟದಲ್ಲಿ ಬಂದೀತು ಎಂದು ಕಾಯುತ್ತಾರೆ. ಅದು ಬರುವುದೇ ಇಲ್ಲ. ಆ ಬರಹದ ಸೊಗಸೆಲ್ಲ ಇರುವುದು ಅಲ್ಲೇ.

ಬರೆದವರು ಬಾಸ್ಟನ್ನಿನ ಲೂಯಿಸ್ ಬ್ರ್ಯಾಂಡೈಸ್. 1879ರಲ್ಲಿ ಸಹಪಾಠಿ ಸ್ಯಾಮ್ಯುಯೆಲ್ ವಾರನ್ ಜೊತೆ ಕಚೇರಿ ತೆರೆದವರು. ಕಾಗದದ ಗಿರಣಿ, ಪಾದರಕ್ಷೆ ಕಾರ್ಖಾನೆ, ವ್ಯಾಪಾರಿಗಳ ವಕಾಲತ್ತಿನಿಂದಲೇ ಸಿರಿವಂತರಾದವರು. ಅದೇ ಮನುಷ್ಯ ಸಾರ್ವಜನಿಕ ಕೇಸುಗಳಿಗೆ ಫೀಸು ಮುಟ್ಟುತ್ತಿರಲಿಲ್ಲ. ಇಷ್ಟಾದರೆ ದೊಡ್ಡ ಮಾತೇನಲ್ಲ, ದಾನ ಮಾಡಿದ ಶ್ರೀಮಂತರು ಎಲ್ಲ ಕಾಲದಲ್ಲೂ ಇದ್ದಾರೆ. ಬ್ರ್ಯಾಂಡೈಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ತಾವು ಪುಕ್ಕಟೆ ಕೇಸಿಗೆ ಕಳೆದ ಹೊತ್ತು ಕಚೇರಿಯ ಪಾಲುದಾರರಿಗೂ ಸೇರಿದ್ದು ಎಂದು, ಆ ಹೊತ್ತಿನ ಬೆಲೆಯನ್ನು ಸ್ವಂತ ಜೇಬಿನಿಂದ ಕಚೇರಿಗೆ ಕಟ್ಟಿದರು. ಕಕ್ಷಿದಾರನಿಗೆ ಬಿಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿ ಮಾತ್ರ ಆ ಕೇಸಿಗೂ ಕಂಪನಿಯ ಕೇಸಿನಷ್ಟೇ ಬೆಲೆ.

ಈ ಸಂಗತಿ ಗೊತ್ತಾದ ಮೇಲೆ ಪ್ರೊ ಬೋನೊ, ಅಂದರೆ ಪುಕ್ಕಟೆ ವಕಾಲತ್ತಿನ ಬಗ್ಗೆ ವಕೀಲರ ಬಾಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಸಹಿಸುವುದು ಕಷ್ಟ. ಬಿಡುವಿದ್ದಾಗ ಮಾಡುವುದು, ಜೂನಿಯರ್ ಕೈಗೆ ಕೊಡುವುದು, ಫೈಲನ್ನು ಕೋರ್ಟ್ ಹಾಲಿನ ಬಾಗಿಲಲ್ಲಿ ನಿಂತು ಮೊದಲ ಸಲ ಬಿಚ್ಚುವುದು. ಹಣ ಕೊಡದ ಕಕ್ಷಿದಾರನ ಕೇಸಿಗೆ ಮುಂದಿನ ದಿನಾಂಕ ಕೇಳುವಾಗ ನಾಲಿಗೆ ತಡವರಿಸುವುದೂ ಇಲ್ಲ. ಇದಕ್ಕಿಂತ ಕೆಟ್ಟದ್ದು, ಕಂಪನಿ ಕೆಲಸವೆಂದರೆ ಪಾಪ, ಪುಕ್ಕಟೆ ಕೆಲಸವೆಂದರೆ ಪ್ರಾಯಶ್ಚಿತ್ತ ಎಂಬ ವಾದ. ಎರಡನ್ನೂ ಸರಿಯಾಗಿ ಮಾಡದವರೇ ಹುಟ್ಟುಹಾಕಿದ ವಾದವಿದು.

ಕಂಪನಿ ಕೆಲಸವಿಲ್ಲದೆ ಆ 113 ಪುಟ ಹುಟ್ಟುತ್ತಲೇ ಇರಲಿಲ್ಲ. 1902ರಲ್ಲಿ ಪಾದರಕ್ಷೆ ತಯಾರಕ ವಿಲಿಯಂ ಮೆಕೆಲ್ವೈನ್ ಕೂಲಿ ಇಳಿಸಬೇಕೆಂದಾಗ ಕಾರ್ಮಿಕರು ತಿರುಗಿ ಬಿದ್ದರು. ಮಾಲೀಕನ ವಕೀಲರಾದ ಬ್ರ್ಯಾಂಡೈಸ್ ಕರಾರುಪತ್ರ ಹಿಡಿದು ಕೂರಲಿಲ್ಲ. ಒಬ್ಬ ಕೆಲಸಗಾರನಿಗೆ ವರ್ಷದಲ್ಲಿ ಎಷ್ಟು ದಿನ ಕೆಲಸ ಸಿಗುತ್ತದೆ ಎಂದು ಕೇಳಿದರು. ದಿನಗೂಲಿ ಚೆನ್ನಾಗಿಯೇ ಇತ್ತು. ಕೆಲಸವೇ ಇಲ್ಲದ ವಾರಗಳು ಅದನ್ನು ನುಂಗುತ್ತಿದ್ದವು. ಆರ್ಡರುಗಳನ್ನು ಮುಂಚಿತವಾಗಿ ಪಡೆದು ವರ್ಷಪೂರ್ತಿ ಯಂತ್ರ ಓಡುವ ಹಾಗೆ ಮಾಡಿ ಎಂದರು, ಜಗಳ ಬಗೆಹರಿಯಿತು. ಕಾರ್ಖಾನೆಯ ಒಳಗು ಬಲ್ಲ ವಕೀಲ ಕೇಳುವ ಪ್ರಶ್ನೆ ಅದು.

ಆ ಪ್ರಶ್ನೆಯನ್ನೇ ಅವರು ಆರು ವರ್ಷದ ಬಳಿಕ ಲಾಂಡ್ರಿಯ ಕೇಸಿಗೆ ತಂದರು. ಹೆಂಗಸರನ್ನು ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಒರೆಗಾನ್ ರಾಜ್ಯ 1903ರಲ್ಲಿ ಕಾನೂನು ಮಾಡಿತ್ತು. ಅದನ್ನು ಮೀರಿದ ಪೋರ್ಟ್‌ಲ್ಯಾಂಡಿನ ಲಾಂಡ್ರಿ ಮಾಲೀಕ ಕರ್ಟ್ ಮುಲ್ಲರ್‌ಗೆ 10 ಡಾಲರ್ ದಂಡ ಬಿತ್ತು. ಹತ್ತು ಡಾಲರಿನ ಕೇಸು ಸುಪ್ರೀಂ ಕೋರ್ಟಿನವರೆಗೆ ಏರಿತು. ಅಲ್ಲಿ ಗಾಳಿ ವಿರುದ್ಧವಾಗಿತ್ತು: 1905ರಲ್ಲಷ್ಟೇ, ಬೇಕರಿ ಕೆಲಸಗಾರರ ಹತ್ತು ಗಂಟೆಯ ಮಿತಿಯನ್ನು ಅದೇ ಕೋರ್ಟು 5–4ರಲ್ಲಿ ಹೊಡೆದುಹಾಕಿತ್ತು. ಆ ತೀರ್ಪಿನೊಂದಿಗೆ ತೀರ್ಪುಗಳನ್ನಿಟ್ಟು ಕಾದಾಡಿದ್ದರೆ ಸೋಲು ಖಂಡಿತ. ನ್ಯೂಯಾರ್ಕಿನ ಹೆಸರಾಂತ ವಕೀಲ ಜೋಸೆಫ್ ಚೋಟ್ ಕೇಸು ಒಲ್ಲೆನೆಂದ ಮೇಲೆ ಅದು ಬಾಸ್ಟನ್ನಿಗೆ ಬಂತು. ಬ್ರ್ಯಾಂಡೈಸ್ ಫೀಸು ಕೇಳಲಿಲ್ಲ. ರಾಜ್ಯದ ಪರವಾಗಿಯೇ ನಿಲ್ಲುತ್ತೇನೆ, ಬೇಕಾದ ವಾಸ್ತವಾಂಶ ಒದಗಿಸಿ ಎಂದರು. ಅದಕ್ಕೆ ಸಿಕ್ಕಿದ್ದು ಎರಡು ವಾರ.

ಆ ಎರಡು ವಾರ ದುಡಿದವರು ಜೋಸೆಫೀನ್ ಗೋಲ್ಡ್‌ಮಾರ್ಕ್. ರಾಷ್ಟ್ರೀಯ ಗ್ರಾಹಕರ ಸಂಘದಲ್ಲಿ ಫ್ಲಾರೆನ್ಸ್ ಕೆಲ್ಲಿಯವರ ಜೊತೆಗಾತಿ, ಬ್ರ್ಯಾಂಡೈಸ್ ಅವರ ಹೆಂಡತಿಯ ತಂಗಿ. ಭಾವ ಕೇಳಿದ್ದನ್ನು ನಾದಿನಿ ಲೈಬ್ರರಿಗಳಿಂದ ಅಗೆದು ತಂದರು. ಕೊಲಂಬಿಯಾ ವಿಶ್ವವಿದ್ಯಾಲಯದ ಲೈಬ್ರರಿ, ಆಸ್ಟರ್ ಲೈಬ್ರರಿ, ಜೊತೆಗೆ ಓದಿ ಗುರುತು ಹಾಕಿಕೊಡಲು ಹತ್ತು ಮಂದಿ. ಅಮೆರಿಕ ಮತ್ತು ಯುರೋಪಿನ 90ಕ್ಕೂ ಹೆಚ್ಚು ವರದಿಗಳಿಂದ ಆಯ್ದ ಭಾಗಗಳು ಕೋರ್ಟಿನ ಮುಂದೆ ಬಂದವು. ಫೆಬ್ರುವರಿ 24ರಂದು ಒಮ್ಮತದ ತೀರ್ಪು ಬಂತು, ಕಾನೂನು ಉಳಿಯಿತು. ತೀರ್ಪು ಬರೆದ ನ್ಯಾಯಮೂರ್ತಿ ಡೇವಿಡ್ ಬ್ರೂಯರ್ ವಾದಪತ್ರವನ್ನು ಹೆಸರಿಟ್ಟು ನೆನೆದರು. ಆ ಹೆಸರು ಬ್ರ್ಯಾಂಡೈಸ್ ಅವರದು. ಇಂದಿಗೂ ಅದು 'ಬ್ರ್ಯಾಂಡೈಸ್ ಬ್ರೀಫ್'. ಗೋಲ್ಡ್‌ಮಾರ್ಕ್ ಹೆಸರನ್ನು ಕಾನೂನು ಕಾಲೇಜಿನಲ್ಲಿ ಕೇಳಿದವರು ಎಷ್ಟು ಮಂದಿ? ಈ ಅನ್ಯಾಯ ಪ್ರತಿ ಸಲ ಓದುವಾಗಲೂ ಚುಚ್ಚುತ್ತದೆ.

ಇನ್ನೊಂದೂ ಚುಚ್ಚುತ್ತದೆ. ಹೆಣ್ಣಿನ ದೇಹ ದುರ್ಬಲ, ತಾಯ್ತನ ಕಾಪಾಡಬೇಕಾದದ್ದು ಎಂಬುದೇ ಆ ವಾದದ ಬೆನ್ನೆಲುಬು. ಕೇಸು ಗೆಲ್ಲಲು ಅದು ಬೇಕಾಗಿತ್ತು. ಹೆಂಗಸರನ್ನು ಕೆಲವು ಕೆಲಸಗಳಿಂದ ಹೊರಗಿಡಲು ಮುಂದೆ ಅದೇ ನೆಪವೂ ಆಯಿತು. ಈ ಕಸುಬನ್ನು ಪ್ರೀತಿಸುವವರು ಇದನ್ನು ಮರೆಮಾಚಬಾರದು.

ಎರಡು ದೋಣಿಯ ಮೇಲೆ ಕಾಲಿಟ್ಟದ್ದಕ್ಕೆ ಬ್ರ್ಯಾಂಡೈಸ್ ಬೆಲೆ ತೆತ್ತರು. ಪಾದರಕ್ಷೆ ಯಂತ್ರಗಳ ಕಂಪನಿಯೊಂದರ ನಿರ್ದೇಶಕರಾಗಿದ್ದು, ಆಮೇಲೆ ಅದರ ಏಕಸ್ವಾಮ್ಯದ ವಿರುದ್ಧವೇ ನಿಂತದ್ದನ್ನು 1916ರಲ್ಲಿ ಸೆನೆಟ್ಟಿನಲ್ಲಿ ಎತ್ತಿ ಆಡಿದರು. ಅಧ್ಯಕ್ಷ ವಿಲ್ಸನ್ ಸೂಚಿಸಿದ ಹೆಸರಿಗೆ ಒಪ್ಪಿಗೆ ಸಿಗಲು ನಾಲ್ಕು ತಿಂಗಳು ಹಿಡಿಯಿತು. ಕೊನೆಗೆ 47–22ರಲ್ಲಿ ಗೆದ್ದು ಅವರು ಸುಪ್ರೀಂ ಕೋರ್ಟಿನ ಮೊದಲ ಯೆಹೂದಿ ನ್ಯಾಯಮೂರ್ತಿಯಾದರು.

ಕನ್ನಡದವರಿಗೂ ಈ ಕಚೇರಿಯ ಒಂದು ಎಳೆ ತಾಗಿದೆ. ವಾರನ್ ಮತ್ತು ಬ್ರ್ಯಾಂಡೈಸ್ 1890ರಲ್ಲಿ ಖಾಸಗಿತನದ ಹಕ್ಕಿನ ಬಗ್ಗೆ ಹಾರ್ವರ್ಡ್‌ನ ಕಾನೂನು ಪತ್ರಿಕೆಗೆ ಒಂದು ಲೇಖನ ಬರೆದಿದ್ದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಭಾರತದ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದಾಗ, ಆ ಹಳೆಯ ಲೇಖನವೂ ತೀರ್ಪಿನೊಳಗೆ ಬಂತು.

ಪುಟಗಳ ಲೆಕ್ಕ ಇನ್ನೂ ಮುಗಿದಿಲ್ಲ. ಒರೆಗಾನ್ 1913ರಲ್ಲಿ ಹತ್ತು ಗಂಟೆಯ ಮಿತಿಯನ್ನು ಕಾರ್ಖಾನೆಯ ಗಂಡಸರಿಗೂ ತಂದಿತು. ಅದೂ ಸುಪ್ರೀಂ ಕೋರ್ಟ್ ಮುಟ್ಟುವ ಹೊತ್ತಿಗೆ ಬ್ರ್ಯಾಂಡೈಸ್ ಪೀಠಕ್ಕೇರಿದ್ದರು, ಕೇಸನ್ನು ಫೀಲಿಕ್ಸ್ ಫ್ರಾಂಕ್‌ಫರ್ಟರ್ ಹಿಡಿದರು. ಗೋಲ್ಡ್‌ಮಾರ್ಕ್ ಮತ್ತೆ ವಾಸ್ತವಾಂಶ ಕಲೆಹಾಕಿದರು. ಈ ಸಲ ವಾದಪತ್ರ ಸಾವಿರ ಪುಟ ದಾಟಿತು. 1917ರಲ್ಲಿ ಕಾನೂನು 5–3ರಲ್ಲಿ ಉಳಿಯಿತು. ಆ ಕೇಸಿನಲ್ಲಿ ಬ್ರ್ಯಾಂಡೈಸ್ ಭಾಗವಹಿಸಲಿಲ್ಲ.