ರಟ್ಟಿನ ತುಂಡು

ಕಳೆದ ಮೇ ತಿಂಗಳ ಕೊನೆಯ ವಾರ ಕುರ್ಲಾದ ಒಂದು ನಾಲಾದೊಳಗೆ ನಮ್ಮ ಬಾಬ್‌ಕ್ಯಾಟ್ ಕೆಟ್ಟು ನಿಂತಿತು. ಕಂಪನಿ ಯಾವುದೇ ಇರಲಿ, ಈ ಪುಟ್ಟ ಲೋಡರಿಗೆ ಮುಂಬಯಿಯಲ್ಲಿ ಅದೇ ಹೆಸರು. 1957ರಲ್ಲಿ ಅಮೆರಿಕದ ಕೆಲ್ಲರ್ ಸೋದರರು ಇದರ ಮೂಲರೂಪವನ್ನು ಕಟ್ಟಿದ್ದು ಟರ್ಕಿ ಕೋಳಿಗಳ ಗೊಬ್ಬರ ಎತ್ತಲು. ಇಲ್ಲಿ ಅದು ಮಳೆಗಾಲಕ್ಕೆ ಮುಂಚೆ ನಾಲಾದ ಹೂಳು ದೂಡುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದದ್ದು ಕಂಡವರಿಗೆ ಈ ಕೆಲಸದ ಅವಸರ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಆಪರೇಟರ್ ಇಂಡಿ ತಾಲೂಕಿನ ಹುಡುಗ. "ಕಾಕಾ, ಆರ್ಮ್ ಜಲ್ದಿ ಏಳವಲ್ದು. ಎಣ್ಣಿ ಹಾಲಿನಂಗ ಆಗೈತಿ" ಎಂದು ಫೋನ್ ಮಾಡಿದ.

ಹೈಡ್ರಾಲಿಕ್ ಎಣ್ಣೆ ಬೆಳ್ಳಗಾಯಿತೆಂದರೆ ನೀರು ಸೇರಿದೆ ಎಂದೇ ಅರ್ಥ. ಸಿಲಿಂಡರಿನ ರಾಡ್ ಒಳಗೆ ಹೋಗುವಾಗ ಅದನ್ನು ಒರೆಸುವ ಸೀಲನ್ನು ಮರಳು ಕಡಿದುಹಾಕಿತ್ತು. ಕೆಸರು ನೀರು ರಾಡಿಗೆ ಅಂಟಿಕೊಂಡೇ ಒಳಹೋಗುತ್ತಿತ್ತು. ಹಾಗೇ ಓಡಿಸಿದ್ದರೆ ಪಂಪೇ ಸವೆದುಹೋಗುತ್ತಿತ್ತು. ಸಂಜೆ ಕೆಲಸ ಮುಗಿದ ಮೇಲೆ ರಾಡ್ ಒರೆಸಲು ಎರಡು ನಿಮಿಷ ಸಾಕು. ಯಾರೂ ಮಾಡುವುದಿಲ್ಲ, ನಾನೂ ಆ ವಯಸ್ಸಿನಲ್ಲಿ ಮಾಡಿದವನಲ್ಲ.

ಮಷೀನನ್ನು ಮೇಲೆ ತಂದು, ಸೀಲು, ಫಿಲ್ಟರ್ ಬದಲಿಸಿ, ಹಳೆಯ ಎಣ್ಣೆ ಪೂರ್ತಿ ಇಳಿಸಿ ಹೊಸದು ತುಂಬಿದೆವು. ಚಾಲು ಮಾಡಿದಾಗ ಒಂದು ಹೋಸಿನ ಹತ್ತಿರ ಮಂಜಿನಂತೆ ಏನೋ ಹಾರಿತು. ಎಲ್ಲಿ ಸೋರುತ್ತಿದೆ ಎಂದು ನೋಡಲು ಹುಡುಗ ಅಂಗೈ ಚಾಚಿದ.

"ಕೈ ತೆಗಿಯೋ!" ಎಂದು ಕಿರುಚಿದ್ದಕ್ಕೆ ನಾಲಾದ ಆಚೆ ದಡದವರೂ ತಿರುಗಿ ನೋಡಿದರು.

ಎಂಜಿನ್ ಬಂದ್ ಮಾಡಿಸಿ ನನ್ನ ಎಡಗೈಯ ತೋರುಬೆರಳು ತೋರಿಸಿದೆ. ಮೇಲಿನ ಗೆಣ್ಣಿಲ್ಲ. ಕಾರಿನ ಟೈರಿನಲ್ಲಿ ಒಂದು ಚದರ ಇಂಚಿಗೆ ಮೂವತ್ತು ಚಿಲ್ಲರೆ ಪೌಂಡ್ ಒತ್ತಡವಾದರೆ ಈ ಹೋಸಿನಲ್ಲಿ ಸುಮಾರು 3000. ಸೂಜಿಮೊನೆಯಷ್ಟು ತೂತಿನಿಂದ ಬಂದ ಎಣ್ಣೆ ಚರ್ಮ ಸೀಳಿ ಒಳಹೋಗುತ್ತದೆ. ಅವತ್ತು ನನಗೆ ನೋವೇ ಆಗಿರಲಿಲ್ಲ. ಇರುವೆ ಕಚ್ಚಿದಂತೆ ಒಂದು ಚುಕ್ಕೆ, ಅಷ್ಟೆ. ಬಟ್ಟೆ ಸುತ್ತಿ ಕೆಲಸ ಮುಂದುವರಿಸಿದೆ. ರಾತ್ರಿ ಬೆರಳು ಬದನೆಕಾಯಿಯಂತೆ ಊದಿತು. ಆಸ್ಪತ್ರೆಗೆ ಹೋದದ್ದು ಮರುದಿನ. ಕೆಲವೇ ಗಂಟೆಗಳಲ್ಲಿ ಕೊಯ್ದು ಎಣ್ಣೆ ತೊಳೆಯಬೇಕಿತ್ತಂತೆ.

ಬಿಸ್ಕತ್ತಿನ ಡಬ್ಬದ ರಟ್ಟು ಹರಿದು ಉದ್ದನೆಯ ಕೋಲಿಗೆ ಕಟ್ಟಿದೆ. ಮತ್ತೆ ಚಾಲು ಮಾಡಿಸಿ, ದೂರ ನಿಂತು ಹೋಸಿನುದ್ದಕ್ಕೂ ಹಿಡಿದೆ. ಮೂರನೆಯ ಕ್ಲಾಂಪಿನ ಬಳಿ ರಟ್ಟಿನ ಮೇಲೆ ಎಣ್ಣೆಯ ಗೆರೆ ಮೂಡಿತು. ಎಂಜಿನ್ ಬಂದ್, ಆರ್ಮ್ ನೆಲಕ್ಕೆ, ಲಿವರ್ ಅಲ್ಲಾಡಿಸಿ ಉಳಿದ ಒತ್ತಡ ಖಾಲಿ. ಆಮೇಲೆಯೇ ಸ್ಪ್ಯಾನರ್.

ಹೊಸ ಹೋಸ್ ಮಾಡಿಸಲು ರಿಕ್ಷಾದಲ್ಲಿ ಹೋಗುವಾಗ ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಕಾಕಾ, ಊರಾಗ ನಿಮ್ಮವ್ವಗ ಏನಂತ ಹೇಳಿದ್ರಿ?"

"ಲೋಕಲ್ಲಿನ ಬಾಗಲದಾಗ ಸಿಕ್ಕಿತ್ತು ಅಂದೆ."